‘ಡಿ’ ಕಮ್ಮಿಯಂತೆ, ಕಾಲು ನೋಯೋದು ಅದಕ್ಕೇನಾ?

ವಿಟಮಿನ್ ಡಿ ಬಗ್ಗೆ ಈ ಅಂಕಣಕ್ಕೆ ಬರುತ್ತಿದ್ದ ಪ್ರಶ್ನೆಗಳೆಲ್ಲ ಮೊದಲು ಮಂಡಿನೋವಿನ ಹಿರಿಯರದ್ದು. ಈಗೀಗ ಕೇಳುವವರಿಗೆ ಹದಿನೆಂಟು, ಇಪ್ಪತ್ತು ವರ್ಷ. ವರ್ತೂರು, ಗುಂಜೂರು, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಆಸುಪಾಸಿನ ಕಾಲೇಜುಗಳಲ್ಲಿ ಓದುತ್ತ, ಶಟಲ್ಲೋ ವಾಲಿಬಾಲೋ ಫುಟ್‌ಬಾಲೋ ಆಡುವ ಹುಡುಗ ಹುಡುಗಿಯರು. ಕೇಳುವುದು ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ. “ಡಿ ಹದಿನಾಲ್ಕು ಬಂದಿದೆ ಡಾಕ್ಟ್ರೇ, ಅದಕ್ಕೇನಾ ಕಾಲು ನೋಯ್ತಿರೋದು? ಪೌಡರ್ ತಗೊಂಡ್ರೆ ಸ್ಟ್ಯಾಮಿನಾ ಬರುತ್ತಾ?” ಇವರ ಕೋಚುಗಳು ಇನ್ನೂ ನೇರ: “ಇಡೀ ಟೀಮಿಗೆ ವಾರಕ್ಕೊಂದು ಕೊಟ್ಟುಬಿಡ್ಲಾ?”

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊರತೆ ನಿಜವಾಗಿ ಇದ್ದವರಿಗೆ ಡಿ ಕೊಡಬೇಕು, ಕೊಟ್ಟರೆ ಉಪಯೋಗವಿದೆ. ಕೊರತೆ ಇಲ್ಲದವರಿಗೆ ಕೊಟ್ಟರೆ ಓಟದ ವೇಗವಾಗಲಿ, ನೆಗೆತವಾಗಲಿ, ದಮ್ಮಾಗಲಿ ಹೆಚ್ಚುವುದಿಲ್ಲ. ಇನ್ನು ಆಟಗಾರರ ಕಾಲುನೋವಿನ ಕಾರಣ ಬಹಳ ಸಲ ರಿಪೋರ್ಟಿನ ಆ ಕೆಂಪಕ್ಷರದಲ್ಲಿ ಇರುವುದೇ ಇಲ್ಲ. ಪುಡಿ ಪೊಟ್ಟಣ ಬರೆದುಕೊಟ್ಟು ಕಳಿಸಿದರೆ ಆ ಕಾರಣವನ್ನು ಹುಡುಕುವವರು ಯಾರೂ ಇರುವುದಿಲ್ಲ. ನನ್ನ ತಕರಾರು ಮುಖ್ಯವಾಗಿ ಇದರ ಬಗ್ಗೆ.

ಇಷ್ಟು ಬಿಸಿಲಿರುವ ಊರಿನಲ್ಲಿ, ಅದೂ ಆಟ ಆಡುವ ಮಕ್ಕಳಿಗೆ ಡಿ ಕಮ್ಮಿಯಾಗುವುದು ಹೇಗೆ ಎಂದು ತಂದೆತಾಯಿಯರಿಗೆ ಆಶ್ಚರ್ಯ. ಆಶ್ಚರ್ಯ ಹಳೆಯದು. 1890ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ಬ್ರಿಟಿಷ್ ವೈದ್ಯ ಪೂರ್ವದೇಶಗಳಲ್ಲಿದ್ದ ಮಿಷನರಿ ವೈದ್ಯರಿಂದೆಲ್ಲ ಮಾಹಿತಿ ತರಿಸಿಕೊಂಡು, ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ಕಾಯಿಲೆ ಹೊಗೆ ಕವಿದ ಬ್ರಿಟನ್ನಿನ ಪಟ್ಟಣಗಳಲ್ಲಿ ವಿಪರೀತ, ಬಿಸಿಲ ದೇಶಗಳಲ್ಲಿ ಅಪರೂಪ ಎಂದು ಬರೆದ. ವಿಟಮಿನ್ ಎಂಬ ಹೆಸರೇ ಹುಟ್ಟದ ಕಾಲದಲ್ಲಿ ಅವನು ಹಿಡಿದ ಜಾಡು ಸರಿಯಾಗಿತ್ತು. ಆದರೆ ಬಿಸಿಲ ದೇಶದವರೇ ಬಿಸಿಲು ತಾಕದಂತೆ ದಿನ ಕಳೆಯಬಹುದೆಂದು ಅವನಿಗೆ ಹೊಳೆದಿರಲಾರದು.

ಒಬ್ಬ ಶಟಲ್ ಆಟಗಾರ್ತಿಯನ್ನು ಕೂರಿಸಿಕೊಂಡು ಅವಳ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆಸಿದ್ದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಗುಂಜೂರಿನ ಹತ್ತಿರದ ಕೋರ್ಟು. ಈ ಕಡೆಯ ಕೋರ್ಟುಗಳನ್ನು ನೋಡಿದವರಿಗೆ ಗೊತ್ತು, ಹಿಂದೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲಗಳಲ್ಲಿ ಎದ್ದಿರುವ ತಗಡಿನ ಶೀಟಿನ ಶೆಡ್ಡುಗಳು ಅವು. ಒಳಗೆ ಹಸಿರು ಮ್ಯಾಟು, ಮೇಲೆ ಎಲ್‌ಇಡಿ ದೀಪ, ಗಾಳಿಗೆ ಶಟಲ್ ಅಲುಗಬಾರದೆಂದು ನಾಲ್ಕೂ ಕಡೆ ಮುಚ್ಚಿರುತ್ತದೆ. ಏಳೂವರೆಗೆ ಮನೆಗೆ ಬಂದು ಸ್ನಾನ, ಎಂಟೂಕಾಲಿಗೆ ಕಾಲೇಜು ಬಸ್ಸು. ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಅವಳ ಮೇಲೆ ಬಿಸಿಲು ಬೀಳುತ್ತದೆ, ಆದರೆ ಕಿಟಕಿಯ ಗಾಜಿನ ಮೂಲಕ. ಒಂಬತ್ತರಿಂದ ನಾಲ್ಕರವರೆಗೆ ಕ್ಲಾಸು, ಲ್ಯಾಬು. ಊಟ ಕ್ಯಾಂಟೀನಿನ ಒಳಗೆ. ಸಂಜೆ ಆರಕ್ಕೆ ಮತ್ತೆ ಅದೇ ಶೆಡ್ಡು. ಭಾನುವಾರ ಟೂರ್ನಮೆಂಟು, ಅದೂ ಒಳಾಂಗಣ. ದಿನಕ್ಕೆ ಮೂರು ನಾಲ್ಕು ಗಂಟೆ ಬೆವರು ಸುರಿಸಿ ಆಡುವ ಈ ಹುಡುಗಿಗೂ, ಪಕ್ಕದ ಟೆಕ್ ಪಾರ್ಕಿನಲ್ಲಿ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಅವಳ ಅಣ್ಣನಿಗೂ ಬಿಸಿಲಿನ ಲೆಕ್ಕದಲ್ಲಿ ಏನೂ ವ್ಯತ್ಯಾಸವಿಲ್ಲ. ಫುಟ್‌ಬಾಲ್ ಹುಡುಗರಾದರೂ ಬಯಲಿನಲ್ಲಿ ಆಡುತ್ತಾರಲ್ಲ ಎಂದರೆ, ಅವರದ್ದು ರಾತ್ರಿ ಎಂಟರ ಮೇಲೆ ಫ್ಲಡ್‌ಲೈಟಿನ ಟರ್ಫು. ಹಗಲಲ್ಲಿ ಆಡಲು ಅವರಿಗೆ ಬಿಡುವಿಲ್ಲ, ಬಿಡುವಿದ್ದರೂ ಮನಸ್ಸಿಲ್ಲ.

ಕಿಟಕಿ ಗಾಜಿನ ಮಾತು ಸುಮ್ಮನೆ ಹೇಳಲಿಲ್ಲ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ‘ಬಿ’ ಕಿರಣ, ಅಂದರೆ ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗದ್ದು. ಚರ್ಮದಲ್ಲಿ ಮೊದಲೇ ಇರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತುವನ್ನು ಆ ಕಿರಣ ಒಡೆದು ಡಿ ಆಗುವ ದಾರಿಗೆ ಹಚ್ಚುತ್ತದೆ. ಮಾಮೂಲಿ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಬಿಸಿ ತಾಕುತ್ತದೆ, ಬೆಳಕು ಬರುತ್ತದೆ, ಡಿ ಮಾತ್ರ ಹುಟ್ಟುವುದಿಲ್ಲ. ಹೊಗೆ ದೂಳು ಕೂಡ ಆ ಕಿರಣವನ್ನು ಹೀರಿಕೊಳ್ಳುತ್ತವೆ. ದೆಹಲಿಯ ಹೆಚ್ಚು ಮಾಲಿನ್ಯದ ಬಡಾವಣೆಯ ಮಕ್ಕಳಲ್ಲಿ ಕಡಿಮೆ ಮಾಲಿನ್ಯದ ಕಡೆಯ ಮಕ್ಕಳಿಗಿಂತ ಡಿ ಕಡಿಮೆಯಿತ್ತೆಂದು 2002ರ ಒಂದು ಅಧ್ಯಯನ ತೋರಿಸಿತ್ತು. ನಮ್ಮ ಕಪ್ಪು ಕಂದು ಚರ್ಮದ ಮೆಲನಿನ್ ಸಹ ಆ ಕಿರಣವನ್ನು ಸ್ವಲ್ಪ ತಡೆಯುವುದರಿಂದ ಬಿಳಿಯರಿಗಿಂತ ನಾವು ಹೆಚ್ಚು ಹೊತ್ತು ಬಿಸಿಲಿನಲ್ಲಿರಬೇಕು.

ಇಲ್ಲಿ ಎಳೆಬಿಸಿಲಿನ ಬಗ್ಗೆ ಒಂದು ಮಾತು. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವುದು, ರಥಸಪ್ತಮಿಯಂದು ಸೂರ್ಯೋದಯಕ್ಕೆ ನೂರೆಂಟು ಸೂರ್ಯನಮಸ್ಕಾರ ಹಾಕುವುದು ನಮ್ಮಲ್ಲಿ ಬೇರೂರಿರುವುದರಿಂದ ‘ಬೆಳಗಿನ ಬಿಸಿಲಲ್ಲೇ ಡಿ’ ಎಂದು ಎಲ್ಲರೂ ನಂಬಿದ್ದಾರೆ. ವಾಕಿಂಗ್ ಹೋಗುವವರೂ ಇದನ್ನೇ ಹೇಳುತ್ತಾರೆ. ಎಳೆಬಿಸಿಲು ಹಿತ, ಅದರಲ್ಲಿ ವ್ಯಾಯಾಮವೂ ಒಳ್ಳೆಯದು, ಡಿ ಮಾತ್ರ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ಬಹು ದೂರ ವಾತಾವರಣದೊಳಗೆ ಬರಬೇಕು, ಬರುವಷ್ಟರಲ್ಲಿ ‘ಬಿ’ ಕಿರಣ ಮುಕ್ಕಾಲುಪಾಲು ಸೋಸಿಹೋಗಿರುತ್ತದೆ. ತಿರುಪತಿಯಲ್ಲಿ ಡಾ. ಸಿ. ವಿ. ಹರಿನಾರಾಯಣ್ ಮತ್ತು ಸಂಗಡಿಗರು ಮಾಡಿದ ಕೆಲಸದಲ್ಲೂ ಚರ್ಮದ ಡಿ ತಯಾರಿಕೆಗೆ ಒಳ್ಳೆಯ ಹೊತ್ತೆಂದು ಬಂದದ್ದು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗಿನ ಸಮಯ. ತಿರುಪತಿಗೂ ಬೆಂಗಳೂರಿಗೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೂ ಅಂತರವಿಲ್ಲ.

ಗಡಿಯಾರ ನೋಡುವುದಕ್ಕಿಂತ ನೆರಳು ನೋಡುವುದು ಸುಲಭ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆಗಿನ ಬಿಸಿಲಲ್ಲಿ ಡಿ ಹುಟ್ಟಿಸುವ ಕಿರಣ ಸಾಕಷ್ಟಿದೆ. ಉದ್ದವಾಗಿದ್ದರೆ ಹೆಚ್ಚೇನೂ ಇಲ್ಲ. ನಮ್ಮ ಕಡೆ ಏಪ್ರಿಲಿನಲ್ಲಿ ಈ ಗಿಡ್ಡ ನೆರಳು ಬೆಳಿಗ್ಗೆ ಒಂಬತ್ತೂವರೆಗೆಲ್ಲ ಶುರುವಾಗಿ ಮಧ್ಯಾಹ್ನ ಮೂರು ದಾಟುವವರೆಗೂ ಇರುತ್ತದೆ. ಡಿಸೆಂಬರಿನಲ್ಲಿ ಹತ್ತೂವರೆಯಿಂದ ಎರಡರ ತನಕ ಅಷ್ಟೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಸರಿಯಾಗಿ ಬಂದು ನಿಮಿಷಗಟ್ಟಲೆ ನೆರಳೇ ಕಾಣದಂತಾಗುವುದನ್ನು ಶಾಲೆಗಳಲ್ಲಿ ‘ಶೂನ್ಯ ನೆರಳಿನ ದಿನ’ ಎಂದು ಮಕ್ಕಳಿಗೆ ತೋರಿಸುತ್ತಾರೆ. ಲಂಡನ್ನಿನ ಆಟಗಾರರಿಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಗಿಡ್ಡ ನೆರಳೇ ಸಿಗುವುದಿಲ್ಲ, ಅವರಿಗೆ ಮಾತ್ರೆ ಬಿಟ್ಟು ಗತಿಯಿಲ್ಲ. ನಮಗೆ ವರ್ಷವಿಡೀ ಸಿಗುತ್ತದೆ, ಆ ಹೊತ್ತಿನಲ್ಲಿ ನಾವು ಒಳಗಿರುತ್ತೇವೆ. ನಮ್ಮ ಮಕ್ಕಳ ಅಭ್ಯಾಸದ ವೇಳಾಪಟ್ಟಿಯನ್ನು ಯಾರೋ ಬೇಕೆಂದೇ ಆ ಹೊತ್ತನ್ನು ತಪ್ಪಿಸಿ ಮಾಡಿದ ಹಾಗಿದೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಸೇರುತ್ತದೆ. “ಬಿಸಿಲಲ್ಲಿ ಆಡಬೇಡ, ಕಪ್ಪಗಾಗ್ತೀಯ” ಎಂದು ಮನೆಯಲ್ಲಿ ಹೇಳದವರು ಕಡಿಮೆ. ಅಥ್ಲೆಟಿಕ್ಸ್ ಬಿಟ್ಟು ಶಟಲ್ಲಿಗೆ ಬಂದದ್ದೇಕೆ ಎಂದು ಒಬ್ಬಳನ್ನು ಕೇಳಿದರೆ, ಅವಳ ಬದಲು ಪಕ್ಕದಲ್ಲಿದ್ದ ಅಮ್ಮ ಉತ್ತರ ಕೊಟ್ಟರು: “ಗ್ರೌಂಡಲ್ಲಿ ಓಡಿ ಓಡಿ ಮುಖ ನೋಡೋ ಹಾಗಿರ್ಲಿಲ್ಲ ಡಾಕ್ಟ್ರೇ, ನಾಳೆ ಮದ್ವೆ ಗಿದ್ವೆ ಅಂದ್ರೆ?” ಆಟದ ಆಯ್ಕೆಯನ್ನು ಮೈಬಣ್ಣ ನಿರ್ಧರಿಸುವುದನ್ನು ಕಂಡು ನನಗೆ ಬೇಸರವಾಗುತ್ತದೆ, ಆದರೆ ಅದು ಇದೆ.

ಚರ್ಮದಲ್ಲಿ ಹುಟ್ಟಿದ ಡಿ ಅಥವಾ ಬಾಯಿಂದ ನುಂಗಿದ ಡಿ ಯಕೃತ್ತಿಗೆ ಹೋಗಿ ಒಂದು ರೂಪ ಪಡೆಯುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಅದನ್ನೇ. ಅಲ್ಲಿಂದ ಮೂತ್ರಪಿಂಡಕ್ಕೆ ಹೋಗಿ ಕೆಲಸ ಮಾಡುವ ರೂಪ ತಾಳುತ್ತದೆ. ಅದರ ಮುಖ್ಯ ಕೆಲಸ ಕರುಳಿನಿಂದ ಕ್ಯಾಲ್ಸಿಯಂ ಹೀರಿಸುವುದು. ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಒಳಗೆ ಹೋಗುತ್ತದೆ, ಇಲ್ಲದಿದ್ದರೆ ಹತ್ತು ಹದಿನೈದು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯ, ನರ, ಸ್ನಾಯು ಯಾವುದೂ ನಡೆಯದು, ಆದ್ದರಿಂದ ದೇಹ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿಸಿ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಕೊರತೆ ತೀರಾ ಹೆಚ್ಚಾದರೆ ಸೊಂಟ ತೊಡೆಯ ಸ್ನಾಯುಗಳೂ ಸೋಲುತ್ತವೆ. ಕುಕ್ಕರಗಾಲಲ್ಲಿ ಕೂತವರು ಕೈಯೂರದೆ ಏಳಲಾರರು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾರೆ. ಅಂಥವರಿಗೆ ಡಿ ಕೊಟ್ಟಾಗ ಬರುವ ಸುಧಾರಣೆ ಕಣ್ಣಿಗೆ ಕಾಣುವಂಥದ್ದು. ಡಿ ಕೊಟ್ಟರೆ ಶಕ್ತಿ ಬರುತ್ತದೆಂಬ ಮಾತು ಹುಟ್ಟಿರುವುದೂ ಇಲ್ಲಿಂದಲೇ.

ಆದರೆ ಕಾಲೇಜು ಮೈದಾನದಲ್ಲಿ ಓಡಾಡುತ್ತಿರುವವರಿಗೂ ಅದೇ ಆಗುತ್ತದೆಯೇ? ದೆಹಲಿಯ ಏಮ್ಸ್‌ನಲ್ಲೇ ಇದರ ಎರಡು ಪ್ರಯೋಗ ನಡೆದಿವೆ. 2010ರಲ್ಲಿ ಪ್ರಕಟವಾದದ್ದರಲ್ಲಿ ನಲವತ್ತು ಮಂದಿ ಆರೋಗ್ಯವಂತ ಸ್ವಯಂಸೇವಕರಿದ್ದರು. ಡಿ ಮತ್ತು ಕ್ಯಾಲ್ಸಿಯಂ ಪಡೆದವರ ಕೈಹಿಡಿತ, ಮೀನಖಂಡದ ಬಲ, ಆರು ನಿಮಿಷದಲ್ಲಿ ನಡೆಯುವ ದೂರ ಎಲ್ಲವೂ ಆರು ತಿಂಗಳಲ್ಲಿ ಹೆಚ್ಚಿದವು. ಎರಡು ವರ್ಷದ ನಂತರ, 2012ರಲ್ಲಿ, ಅದೇ ಸಂಸ್ಥೆಯವರು ಹೆಚ್ಚು ಜನರನ್ನಿಟ್ಟುಕೊಂಡು, 170ಕ್ಕೂ ಹೆಚ್ಚು ಯುವತಿಯರ ಮೇಲೆ ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ರಕ್ತದ ಡಿ ಚೆನ್ನಾಗಿ ಏರಿತು, ಸ್ನಾಯುಬಲ ಏರಲಿಲ್ಲ. ಇಂಗ್ಲೆಂಡಿನಲ್ಲೂ ಇದೇ ಕಥೆ. 2013ರಲ್ಲಿ ಗ್ರೇಮ್ ಕ್ಲೋಸ್ ತಂಡ ದಿನಕ್ಕೆ 5,000 ಯೂನಿಟ್‌ನಂತೆ ಎಂಟು ವಾರ ಕೊಟ್ಟಾಗ ಆಟಗಾರರ ಓಟ, ನೆಗೆತ ಸುಧಾರಿಸಿದವು. ಅದೇ ವರ್ಷ ಅದೇ ತಂಡ ವಾರಕ್ಕೆ 20,000, 40,000 ಯೂನಿಟ್ ಕೊಟ್ಟು ಮಾಡಿದ ಇನ್ನೊಂದು ಅಧ್ಯಯನದಲ್ಲಿ ಏನೂ ಆಗಲಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಮೊದಲನೆಯದು ಓಡಾಡುತ್ತದೆ, ಎರಡನೆಯದನ್ನು ಯಾರೂ ಹಂಚುವುದಿಲ್ಲ.

ಇವನ್ನೆಲ್ಲ ಒಟ್ಟಿಗೆ ಓದಿದಾಗ ನನಗೆ ಅನಿಸುವುದು ಇಷ್ಟು: ಡಿ ಸಾರಿಗೆ ಹಾಕುವ ಉಪ್ಪಿನ ಹಾಗೆ. ಇಲ್ಲದಿದ್ದರೆ ಊಟವೇ ಕೆಡುತ್ತದೆ, ಸಾಕಷ್ಟಾದ ಮೇಲೆ ಇನ್ನೊಂದು ಚಮಚ ಹಾಕಿದರೆ ರುಚಿ ಹೆಚ್ಚುವುದಿಲ್ಲ. ಮೂಳೆಯ ವಿಷಯದಲ್ಲೂ ಹಾಗೆಯೇ. ಅಮೆರಿಕದ ನೌಕಾಪಡೆಗೆ ಸೇರಿದ 5,201 ಹೊಸ ಮಹಿಳಾ ಸಿಬ್ಬಂದಿಗೆ ತರಬೇತಿಯ ಎಂಟು ವಾರ ದಿನಕ್ಕೆ 800 ಯೂನಿಟ್ ಡಿ ಮತ್ತು 2,000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಹುಸಿ ಮಾತ್ರೆ ಪಡೆದವರಿಗೆ ಹೋಲಿಸಿದರೆ ಇವರಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಒಂದೇ ಜಾಗಕ್ಕೆ ಪೆಟ್ಟು ಬಿದ್ದು ಬಿದ್ದು ಮೂಳೆಯಲ್ಲಿ ಏಳುವ ಕೂದಲೆಳೆಯ ಬಿರುಕು, ಶೇ 20ರಷ್ಟು ಕಡಿಮೆಯಾಯಿತು. 2008ರಲ್ಲಿ ಪ್ರಕಟವಾದ ಇದು ನಮ್ಮ ಆಟಗಾರರಿಗೆ ಹತ್ತಿರದ ಪುರಾವೆ, ಏಕೆಂದರೆ ವಯಸ್ಸು ಅದೇ, ತಟ್ಟನೆ ಹೆಚ್ಚುವ ಓಟವೂ ಅದೇ. ಗಮನಿಸಿ, ಅಲ್ಲಿ ಕೊಟ್ಟ ಡಿ ಪ್ರಮಾಣ ಸಣ್ಣದು, ಜೊತೆಗೆ ಕ್ಯಾಲ್ಸಿಯಂ ಇತ್ತು. ಇನ್ನೊಂದು ಕಡೆ, 25,871 ಮಂದಿ ಭಾಗವಹಿಸಿದ ‘ವೈಟಲ್’ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ವರ್ಷಗಟ್ಟಲೆ ಕೊಟ್ಟರೂ ಮೂಳೆ ಮುರಿತ ಕಡಿಮೆಯಾಗಲಿಲ್ಲವೆಂದು 2022ರಲ್ಲಿ ಬಂತು. ಅವರು ನಡುವಯಸ್ಸು ದಾಟಿದವರು, ಬಹುಪಾಲು ಜನರಿಗೆ ಕೊರತೆಯೂ ಇರಲಿಲ್ಲ.

ಆಟಗಾರರಲ್ಲಿ ಕೊರತೆ ಸಾಮಾನ್ಯ ಎಂಬುದು ಮಾತ್ರ ಸುಳ್ಳಲ್ಲ. ಜಗತ್ತಿನ ಬೇರೆ ಬೇರೆ ಕಡೆಯ 2,313 ಆಟಗಾರರ ಲೆಕ್ಕ ಒಟ್ಟುಮಾಡಿದ 2015ರ ಒಂದು ಸಮೀಕ್ಷೆಯಲ್ಲಿ ಶೇ 56ರಷ್ಟು ಮಂದಿಗೆ ಡಿ ಸಾಲದಾಗಿತ್ತು. ಕತಾರಿನಲ್ಲಿ ಪರೀಕ್ಷಿಸಿದ 93 ಕ್ರೀಡಾಪಟುಗಳಲ್ಲಿ ಶೇ 91 ಮಂದಿಗೆ ಕೊರತೆ ಎಂದು 2010ರಲ್ಲಿ ಬರೆದಿದ್ದರು. ಬೆಂಕಿಯಂಥ ಬಿಸಿಲಿನ ದೇಶದಲ್ಲಿ ಯಾರೂ ಹಗಲು ಹೊರಗೆ ಆಡುವುದಿಲ್ಲ, ಅದಕ್ಕೇ.

ರಿಪೋರ್ಟಿನ ಸಂಖ್ಯೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಹೆದರಿಕೆಯೆಲ್ಲ ಅಲ್ಲಿಂದ ಶುರು. ಒಂದು ಮಿಲಿಲೀಟರ್ ರಕ್ತಕ್ಕೆ 20 ನ್ಯಾನೊಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಹೇಳಿತು. ಮರುವರ್ಷ ಅಲ್ಲಿನದೇ ಎಂಡೋಕ್ರೈನ್ ಸೊಸೈಟಿ, 20ರ ಕೆಳಗೆ ಕೊರತೆ, 30 ಮುಟ್ಟಿದರೆ ಮಾತ್ರ ಸಾಕಷ್ಟು ಎಂದಿತು. ಲ್ಯಾಬುಗಳು ಎರಡನೆಯದನ್ನು ಹಿಡಿದುಕೊಂಡವು. 24 ಬಂದ ಆರೋಗ್ಯವಂತ ಹುಡುಗನ ಹೆಸರಿನ ಮುಂದೆಯೂ ಕೆಂಪಕ್ಷರ ಬಿತ್ತು. 2024ರಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ ತನ್ನ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ, ಐವತ್ತರೊಳಗಿನ ವಯಸ್ಕರಿಗೆ ವಾಡಿಕೆಯ ಪರೀಕ್ಷೆಯೂ ಬೇಡ, ದಿನಕ್ಕೆ ಬೇಕಾದ ಮಾಮೂಲಿ ಪ್ರಮಾಣ ಮೀರಿ ಡಿ ಕೊಡುವುದೂ ಬೇಡ ಎಂದಿತು. ನನ್ನ ಮೇಜಿಗೆ ಬರುವ ರಿಪೋರ್ಟುಗಳಲ್ಲಿ ಇನ್ನೂ ಹಳೆಯ ಗೆರೆಯೇ ಅಚ್ಚಾಗಿರುತ್ತದೆ. ಹಾಗಾಗಿ 20ರ ಮೇಲಿದ್ದು ಬೇರೇನೂ ತೊಂದರೆ ಇಲ್ಲದವರಿಗೆ ನಾನು ಪೊಟ್ಟಣ ಬರೆಯುವುದಿಲ್ಲ. 12ರ ಕೆಳಗಿದ್ದರೆ ತಡಮಾಡುವುದಿಲ್ಲ. ನಡುವಿನವರ ಆಟ, ಊಟ, ನೋವು ಮೂರನ್ನೂ ನೋಡಿ ತೀರ್ಮಾನಿಸುತ್ತೇನೆ.

ಪೊಟ್ಟಣದ ಲೆಕ್ಕಕ್ಕೆ ಬರೋಣ. ಹಾಲಿಗೆ ಬೆರೆಸಿ ಕುಡಿಯುವ ಪುಡಿಯಲ್ಲಾಗಲಿ, ಮೆತ್ತನೆಯ ಕ್ಯಾಪ್ಸೂಲಿನಲ್ಲಾಗಲಿ ಇರುವುದು 60,000 ಯೂನಿಟ್. ಕೇಳಲು ಭಾರಿ, ತೂಕದಲ್ಲಿ ಒಂದೂವರೆ ಮಿಲಿಗ್ರಾಂ. ಕೊರತೆಗೆ ವಾರಕ್ಕೊಂದರಂತೆ ಎಂಟು ವಾರ ಕೊಡುವುದು ನಮ್ಮ ದೇಶದ ರೂಢಿ, ದಿನದ ಲೆಕ್ಕ ಹಾಕಿದರೆ ಸುಮಾರು 8,500. ಡಿ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ವಾರಕ್ಕೊಮ್ಮೆ ಸಾಕು. ಖಾಲಿ ಹೊಟ್ಟೆಗಿಂತ ಜಿಡ್ಡಿರುವ ಊಟದ ಜೊತೆ ಚೆನ್ನಾಗಿ ಹತ್ತುತ್ತದೆ. ಎಂಟು ವಾರದ ಮೇಲೆ ನಿಲ್ಲಿಸಬೇಕು ಅಥವಾ ತಿಂಗಳಿಗೊಂದಕ್ಕೆ ಇಳಿಸಬೇಕು. ಅಲ್ಲೇ ಎಡವಟ್ಟಾಗುವುದು. ಚೀಟಿ ಮೆಡಿಕಲ್ ಶಾಪಿನಲ್ಲಿ ಉಳಿಯುತ್ತದೆ, ಮಾತ್ರೆ ಮುಂದುವರಿಯುತ್ತದೆ.

ಒಮ್ಮೆ ಕ್ರೀಡಾ ಬ್ಯಾಗಿನಲ್ಲಿರುವುದನ್ನೆಲ್ಲ ಮೇಜಿನ ಮೇಲಿಡು ಎಂದು ಒಬ್ಬ ವಾಲಿಬಾಲ್ ಹುಡುಗನಿಗೆ ಹೇಳಿದೆ. ಕ್ಯಾಲ್ಸಿಯಂ ಮಾತ್ರೆ, ಅದರಲ್ಲಿ ಡಿ. ಮಲ್ಟಿವಿಟಮಿನ್, ಅದರಲ್ಲಿ ಡಿ. ಪ್ರೋಟೀನ್ ಪೌಡರ್ ಡಬ್ಬಿ, ಅದರಲ್ಲೂ ಡಿ. ಕೊನೆಗೆ ವಾರದ ಕ್ಯಾಪ್ಸೂಲಿನ ಪಟ್ಟಿ, ಅದನ್ನು ಜಿಮ್ಮಿನ ಗೆಳೆಯನ ಮಾತು ಕೇಳಿ ವಾರಕ್ಕೆರಡು ಮಾಡಿಕೊಂಡಿದ್ದ. ಇವೆಲ್ಲ ಒಟ್ಟು ಎಷ್ಟಾಯಿತು ಎಂದು ಲೆಕ್ಕ ಹಾಕಿಸಿದಾಗ ಅವನೇ ಬೆಚ್ಚಿದ. ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಸಾಕೆಂದೂ ವೈದ್ಯರ ನಿಗಾ ಇಲ್ಲದೆ 4,000 ಮೀರಬಾರದೆಂದೂ ನಮ್ಮ ಐಸಿಎಂಆರ್‌ನ ಹೈದರಾಬಾದ್ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದೆ. ಡಿ ವಿಷವಾಗುವುದು ಅಪರೂಪ, ಆದರೆ ಅದು ಆಗುವುದು ಬಿಸಿಲಿನಿಂದಲ್ಲ, ಔಷಧಿಯಿಂದಲೇ. ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಪದೇಪದೇ ಮೂತ್ರ ಬರುತ್ತದೆ, ಮುಂದುವರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಆರು ಲಕ್ಷ ಯೂನಿಟ್ಟಿನ ಇಂಜೆಕ್ಷನ್ನನ್ನು ಮತ್ತೆ ಮತ್ತೆ ಚುಚ್ಚಿಸಿಕೊಂಡು ಹೀಗಾದವರನ್ನು ನಮ್ಮ ದೇಶದ ವೈದ್ಯರೇ ನೋಡಿ ವರದಿ ಮಾಡಿದ್ದಾರೆ. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯಾದ ವಯಸ್ಸಾದ ಮಹಿಳೆಯರಲ್ಲಿ ಬೀಳುವುದು, ಮೂಳೆ ಮುರಿಯುವುದು ಹೆಚ್ಚೇ ಆಯಿತೆಂದು 2010ರಲ್ಲಿ ಗೊತ್ತಾಗಿತ್ತು. ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿ ಡಿ ಇಲ್ಲ, ಆ ಭಯ ಬೇಡ. ಆದರೆ ಅದರ ಜೊತೆ ಅಂಗಡಿಯವನು ಕೊಡುವ ಬೇರೆ ಡಬ್ಬಿಗಳಿಗೆ ಆ ಖಾತರಿ ಇಲ್ಲ.

ಈಗ ಕಾಲುನೋವು. ಮಂಡಿಯ ಕೆಳಗೆ, ಮುಂಗಾಲಿನ ಮೂಳೆಯ ಒಳಬದಿಯಲ್ಲಿ ನೋವು ಎಂದು ಬಂದ ಆಟಗಾರರಿಂದ ನಾನು ಮೊದಲು ಮಾಡಿಸುವುದು ಒಂಟಿಗಾಲಿನಲ್ಲಿ ಕುಪ್ಪಳಿಸುವ ಕೆಲಸ. ಆಮೇಲೆ ಮೂಳೆಯ ಉದ್ದಕ್ಕೂ ಬೆರಳಿನಿಂದ ಒತ್ತುತ್ತ ಬರುತ್ತೇನೆ. ಅಂಗೈಯಷ್ಟು ಉದ್ದಕ್ಕೆ ಹರಡಿಕೊಂಡ ನೋವು, ವಾರ್ಮಪ್ ಆದ ಮೇಲೆ ಸ್ವಲ್ಪ ಕಮ್ಮಿಯಾಗುತ್ತದೆ ಎಂದರೆ ಅದು ಸಾಮಾನ್ಯವಾಗಿ ಮೂಳೆಯ ಮೇಲುಹೊದಿಕೆಗೆ ಆದ ಆಯಾಸ, ಕೆಲವು ವಾರದ ವಿಶ್ರಾಂತಿಗೆ ಇಳಿಯುತ್ತದೆ. ಒಂದೇ ಜಾಗಕ್ಕೆ ಬೆರಳಿಟ್ಟು “ಇಲ್ಲೇ” ಎಂದು ಕಾಲು ಎಳೆದುಕೊಂಡರೆ, ಕುಪ್ಪಳಿಸಿದಾಗ ಮುಖ ಹಿಂಡಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಬಿರುಕಿನ ಅನುಮಾನ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. “ಎಕ್ಸ್‌ರೇ ನಾರ್ಮಲ್, ಡಿ ಕಮ್ಮಿ, ಪೌಡರ್ ತಗೊಂಡು ಆಡು” ಎಂದು ಯಾರಾದರೂ ಹೇಳಿ ಕಳಿಸಿದರೆ ಆ ಬಿರುಕು ಮುರಿತವಾಗುವವರೆಗೂ ಹೋಗಬಹುದು. ಎಂಆರ್‌ಐ ಮಾಡಿಸಬೇಕು, ಆಟ ನಿಲ್ಲಿಸಬೇಕು.

ಆಮೇಲೆ ಪ್ರಶ್ನೆಗಳು. ಕಳೆದ ತಿಂಗಳಲ್ಲಿ ಅಭ್ಯಾಸ ಎಷ್ಟು ಹೆಚ್ಚಾಯಿತು? ಸೆಲೆಕ್ಷನ್ ಹತ್ತಿರ ಬಂತೆಂದು ವಾರಕ್ಕೆ ಮೂರು ದಿನದ್ದು ಆರು ದಿನವಾಗಿರುತ್ತದೆ. ಮ್ಯಾಟಿನ ಕೆಳಗೆ ಮರದ ಹಾಸಿದೆಯಾ, ಬರೀ ಕಾಂಕ್ರೀಟಾ? ಶೆಡ್ಡಿನ ಕೋರ್ಟುಗಳಲ್ಲಿ ಹಲವು ಕಡೆ ಕಾಂಕ್ರೀಟೇ. ಶೂ ಎಷ್ಟು ದಿನದ್ದು? ಬೆಳಿಗ್ಗೆ ಏನು ತಿಂದೆ? ಕೊನೆಯದಕ್ಕೆ ಬರುವ ಉತ್ತರ ಬಹಳ ಸಲ “ಟೀ ಬಿಸ್ಕೆಟ್”. ಬೆಳಗಿನ ಎರಡು ಗಂಟೆ ಆಟ ಮುಗಿಸಿ, ಬಸ್ಸು ತಪ್ಪುತ್ತದೆಂದು ತಿಂಡಿ ಬಿಟ್ಟು, ಹನ್ನೊಂದರ ಬ್ರೇಕಿನಲ್ಲಿ ಒಂದು ಪಫ್ ತಿಂದು ಮಧ್ಯಾಹ್ನದವರೆಗೆ ತಳ್ಳುವ ಹುಡುಗಿಗೆ ಮೂಳೆ ಕಟ್ಟಿಕೊಳ್ಳಲು ದೇಹದಲ್ಲಿ ಏನು ಮಿಕ್ಕಿರುತ್ತದೆ? ಹೆಣ್ಣುಮಕ್ಕಳಾದರೆ ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿ ಮುಟ್ಟಿನ ಬಗ್ಗೆ ಕೇಳುತ್ತೇನೆ. “ಮೂರು ತಿಂಗಳಾಯ್ತು, ಆಗಿಲ್ಲ. ಪ್ರಾಕ್ಟೀಸಿಗೆ ಅನುಕೂಲವೇ ಆಯ್ತು ಬಿಡಿ ಡಾಕ್ಟ್ರೇ” ಎಂಬ ಉತ್ತರ ಬಂದರೆ ಅಲ್ಲಿಗೆ ನನ್ನ ಗಮನ ಡಿಯಿಂದ ಪೂರ್ತಿ ಆಚೆ ಹೋಗುತ್ತದೆ. ಆಟಕ್ಕೆ ಬೇಕಾದಷ್ಟು ತಿನ್ನದಿದ್ದಾಗ ದೇಹ ಉಳಿತಾಯ ಶುರುಮಾಡಿ ಮೊದಲು ಮುಟ್ಟನ್ನು, ಆಮೇಲೆ ಮೂಳೆಯನ್ನು ಕೈಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರಿಟ್ಟು, ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ ಎಂದಿತು. ಇದನ್ನು ಯಾವ ಪೊಟ್ಟಣವೂ ಸರಿಮಾಡುವುದಿಲ್ಲ. ಊಟ ಹೆಚ್ಚಿಸಬೇಕು, ಅಭ್ಯಾಸ ಇಳಿಸಬೇಕು. ಈ ಎರಡೂ ಮಾತು ಕೋಚಿಗೂ ಇಷ್ಟವಾಗುವುದಿಲ್ಲ, ಆಟಗಾರ್ತಿಗೂ ಇಷ್ಟವಾಗುವುದಿಲ್ಲ, ಪೊಟ್ಟಣ ಎಲ್ಲರಿಗೂ ಇಷ್ಟ.

ಊಟದಲ್ಲಿ ಡಿ ಸಿಗುವುದಿಲ್ಲವೇ ಎಂದರೆ, ಸ್ವಲ್ಪ ಸಿಗುತ್ತದೆ. ಬಂಗುಡೆ, ಬೂತಾಯಿ ತಿನ್ನುವ ಮಂಗಳೂರಿನವರು ಪುಣ್ಯವಂತರು. ಒಂದು ಮೊಟ್ಟೆಯ ಹಳದಿಯಲ್ಲಿ 40 ಯೂನಿಟ್ಟಿನ ಆಸುಪಾಸು, ಆ ಲೆಕ್ಕದಲ್ಲಿ ದಿನದ್ದು ಸೇರಿಸಲು ಹದಿನೈದು ಮೊಟ್ಟೆ ಬೇಕು. ಪ್ಯಾಕೆಟ್ಟಿನ ಮೇಲೆ ‘ಪ್ಲಸ್ ಎಫ್’ ಗುರುತಿರುವ ಹಾಲಿಗೆ ಡಿ ಸೇರಿಸಿರುತ್ತಾರೆ, ಅದೂ ಲೀಟರಿಗೆ ಇನ್ನೂರು ಮುನ್ನೂರು ಯೂನಿಟ್ ಅಷ್ಟೆ. ರಾಗಿಯಲ್ಲಿ ಡಿ ಇಲ್ಲ, ಆದರೆ ನೂರು ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1,000. ಒಂದು ಮುದ್ದೆ, ಅರ್ಧ ಲೀಟರ್ ಹಾಲು ಮೊಸರು ಸೇರಿದರೆ ಹೆಚ್ಚುಕಡಿಮೆ ಮುಗಿಯಿತು. ಈ ಕಡೆಯ ಪಿಜಿಗಳಲ್ಲಿ ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅನ್ನ ಸಾಂಬಾರು. ರಾಗಿ ಬೆಳೆದ ಊರಿನಲ್ಲೇ ಮುದ್ದೆ ಬೇಕೆಂದರೆ ಮಿಲಿಟರಿ ಹೋಟೆಲ್ ಹುಡುಕಬೇಕು. ತಿರುಪತಿಯ ಅಧ್ಯಯನದಲ್ಲೂ ಹೊಲದಲ್ಲಿ ದುಡಿಯುವ ಹಳ್ಳಿಗರಿಗೆ ಡಿ ಪಟ್ಟಣಿಗರಿಗಿಂತ ಚೆನ್ನಾಗಿತ್ತು, ಇಬ್ಬರಿಗೂ ಊಟದ ಕ್ಯಾಲ್ಸಿಯಂ ಸಾಲದಾಗಿತ್ತು. ಡಿ ಇದ್ದು ಕ್ಯಾಲ್ಸಿಯಂ ಇಲ್ಲದಿದ್ದರೆ ಹೀರಿಸಲು ಏನೂ ಇರುವುದಿಲ್ಲ.

ಕೋಚುಗಳ ಪ್ರಶ್ನೆಗೆ ಉತ್ತರ: ಇಡೀ ಟೀಮಿಗೆ ಟೆಸ್ಟೂ ಬೇಡ, ಇಡೀ ಟೀಮಿಗೆ ಪೊಟ್ಟಣವೂ ಬೇಡ. ಮೂಳೆಗೆ ಒಮ್ಮೆ ಬಿರುಕು ಬಂದವರು, ಮುಟ್ಟು ತಪ್ಪಿದವರು, ಪೂರ್ತಿ ಒಳಾಂಗಣದಲ್ಲೇ ಆಡುವವರು, ಮೈತುಂಬ ಬಟ್ಟೆ ಧರಿಸುವವರು, ಹೊಟ್ಟೆಯ ದೀರ್ಘ ಕಾಯಿಲೆ ಇರುವವರು, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಟೆಸ್ಟ್ ಮಾಡಿಸಿ. ಕಾಲೇಜಿನ ಹಣ ಉಳಿದರೆ ಹುಡುಗಿಯರ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ನೋಡಿ. ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ, ‘ಸ್ಟ್ಯಾಮಿನಾ ಇಲ್ಲ’ ಎನ್ನುವವರಿಗೆ ಬೇಕಾಗಿರುವುದು ಬಹಳ ಸಲ ಕಬ್ಬಿಣ. ವಾರಕ್ಕೆ ಮೂರು ನಾಲ್ಕು ದಿನ ಊಟದ ಬಿಡುವಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಸ್ಕಿಪ್ಪಿಂಗ್, ಸ್ಟ್ರೆಚಿಂಗ್‌ನಂಥ ಹಗುರ ಅಭ್ಯಾಸವನ್ನು ತೋಳು ಕಾಲು ಬಿಸಿಲಿಗೆ ತಾಗುವ ಹಾಗೆ ಬಯಲಲ್ಲಿ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಕಡಿಮೆ ಮಾಡಿ, ನೀರು ಕುಡಿಸಿ, ಚರ್ಮ ಉರಿಯುವ ಮೊದಲು ನೆರಳಿಗೆ ಕರೆಯಿರಿ. ಇದಕ್ಕೆ ಮೈದಾನವೇ ಬೇಕೆಂದಿಲ್ಲ. ಮೈದಾನವಿಲ್ಲದ ಕಾಲೇಜುಗಳೇ ಈ ಕಡೆ ಹೆಚ್ಚಾಗುತ್ತಿವೆ, ಪಾರ್ಕಿಂಗ್ ಜಾಗವಾದರೂ ಸರಿ.

ಕೊನೆಗೆ, ಹೋದ ವಾರ ಬಂದ ಒಂದು ಪ್ರಶ್ನೆ. “ಇಂಟರ್‌ಕಾಲೇಜ್ ಮೀಟಿಗೆ ಹತ್ತು ದಿನ ಇದೆ, ಈಗಿಂದ ಪೌಡರ್ ತಗೊಂಡ್ರೆ ಪ್ರಯೋಜನ ಆಗುತ್ತಾ?” ಈ ಮೀಟಿಗೆ ಆಗುವುದಿಲ್ಲ. ರಕ್ತದಲ್ಲಿ ಮಟ್ಟ ಏರಿ ನೆಲೆಗೊಳ್ಳಲು ಎರಡು ಮೂರು ತಿಂಗಳು ಬೇಕು, ಮೂಳೆಗೆ ಅದಕ್ಕಿಂತ ಹೆಚ್ಚು. ಪರೀಕ್ಷೆಯಲ್ಲಿ ಕೊರತೆ ಬಂದಿದ್ದರೆ ನಿಮ್ಮ ವೈದ್ಯರು ಬರೆದ ಹಾಗೆ ಶುರುಮಾಡಿ, ಅದು ಮುಂದಿನ ಸೀಸನ್ನಿಗೆ. ಈ ಹತ್ತು ದಿನ ಬೆಳಿಗ್ಗೆ ತಿಂಡಿ ಬಿಡಬೇಡಿ, ಎಂಟು ಗಂಟೆ ನಿದ್ದೆ ಮಾಡಿ, ಒಂದೇ ಜಾಗದಲ್ಲಿ ಒತ್ತಿದರೆ ನೋಯುವ ಮೂಳೆ ಇದ್ದರೆ ಮೀಟಿಗೆ ಹೋಗುವ ಮೊದಲು ತೋರಿಸಿಕೊಳ್ಳಿ.